ಮಡಿ ಬಿಂದಿಗೆ

ಒಂದು ಗಂಟೆಯಿಂದ ಕುದಿಯುತ್ತಿದ್ದ ತೊಗರಿಬೇಳೆಯ ಕಾಳೊಂದನ್ನು ಶಾರದಮ್ಮ ಬೆರಳಲ್ಲಿ ಹಿಸುಕಿದರು. ಕಲ್ಲಿನ ಹಾಗಿತ್ತು. ಹಾಲ್‌ನಲ್ಲಿ ಸೊಸೆ ವಾಸಂತಿಯ ತಂದೆ ತಾಯಿ ಊಟಕ್ಕೆ ಕಾಯುತ್ತಿದ್ದರು. "ನಿಮ್ಮ ಮಗಳಿಗೆ ಬೇಳೆ ಬೇಯಿಸೋಕೂ ಬರಲ್ಲ" ಎಂದು ಅವರ ಮುಖಕ್ಕೇ ಹೇಳಿ, ಶಾರದಮ್ಮ ಇವತ್ತು ತಾವೇ ಒಲೆ ಮುಂದೆ ನಿಂತಿದ್ದರು.

"ಬೇಳೆ ಸರಿಯಾಗೇ ಇದೆ ಅತ್ತೆ. ಸಮುದ್ರದ ಪಕ್ಕದ ಈ ಬೆಸೆಂಟ್ ನಗರದ ಬೋರ್ ನೀರಲ್ಲಿ ಅದು ಬೇಯಲ್ಲ."

"ನೆಪ ಹೇಳಬೇಡ. ಮೂರು ತಿಂಗಳಿಂದ ನಾನೂ ಇದೇ ನೀರು ಕುಡೀತಿದೀನಿ. ಎಷ್ಟು ಸಿಹಿಯಾಗಿದೆ!"

ಶಾರದಮ್ಮ ಸಿಟ್ಟಿನಿಂದ ನಲ್ಲಿ ತಿರುಗಿಸಿ, ಒಂದು ಬೊಗಸೆ ಬಾಯಿಗೆ ಹಾಕಿಕೊಂಡವರು ತಕ್ಷಣ ಉಗಿದರು. ಬರೀ ಉಪ್ಪು. ಅವರ ಕಣ್ಣು ಮೂಲೆಯಲ್ಲಿದ್ದ ತಮ್ಮ ಮಡಿ ಬಿಂದಿಗೆಯತ್ತ ಹೋಯಿತು. ಅವರು ಕುಡಿಯುತ್ತಿದ್ದದ್ದು ಅದರ ನೀರು ಮಾತ್ರ; ಮಡಿಯಿಲ್ಲದೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ದಿನಾ ಸ್ನಾನ ಮಾಡಿ ಮಡಿಯಲ್ಲಿ ವಾಸಂತಿಯೇ ತುಂಬಿಡುತ್ತಿದ್ದಳು.

"ಇದಕ್ಕೆ ಯಾವ ನೀರೇ ಹಾಕ್ತೀಯ?"

"ಟ್ಯಾಂಕರ್ ಲಾರಿಯ ಸಿಹಿನೀರು, ಅತ್ತೆ. ದಿನಕ್ಕೆ ಮನೆಗೆ ಒಂದೇ ಕೊಡ ಕೊಡ್ತಾರೆ."

ಶಾರದಮ್ಮ ಪಾತ್ರೆಯ ನೀರನ್ನೆಲ್ಲ ಬಸಿದರು. ಮಡಿ ಬಿಂದಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಬೇಳೆಯ ಮೇಲೆ ಬಗ್ಗಿಸಿದರು.

"ಬೀಗರೇ," ಎಂದು ಹಾಲ್‌ಗೆ ಕೇಳುವಂತೆ ಕೂಗಿದರು, "ಊಟ ಇನ್ನೂ ತಡವಾಗುತ್ತೆ. ತಪ್ಪು ನಿಮ್ಮ ಮಗಳದ್ದಲ್ಲ."