ದಲ್ಲಾಳಿಯ ದನಿ

ಬೀದಿ ನಾಟಕ ಮುಗಿದು ಜನವೆಲ್ಲ ಚದುರಿದರೂ ಆ ಹೆಂಗಸು ಕಟ್ಟೆ ಬಿಟ್ಟು ಏಳಲಿಲ್ಲ.

ಮಕ್ಕಳನ್ನು ಸಾಗಿಸುವ ದಲ್ಲಾಳಿಯ ಪಾತ್ರ ಮೌನೇಶನದು. "ಪಟ್ಟಣದಾಗ ಕೆಲಸ ಐತಿ, ಹೊಟ್ಟಿ ತುಂಬ ಊಟ ಐತಿ" ಎಂದು ಅವನು ನಯವಾಗಿ ಮಾತಾಡಿ ಹುಡುಗಿಯನ್ನು ಕರೆದೊಯ್ಯುವಾಗ ಊರಿಗೆ ಊರೇ ಶಾಪ ಹಾಕಿತ್ತು. ಕೊನೆಗೆ ಪೊಲೀಸ್ ವೇಷದವನು ಅವನಿಗೆ ಕೋಳ ತೊಡಿಸಿ, ಮಕ್ಕಳನ್ನು ಸಾಗಿಸಿದವರಿಗೆ ಕಾನೂನಿನಲ್ಲಿ ಕಡಿಮೆಯೆಂದರೂ ಹತ್ತು ವರ್ಷ ಜೈಲು ಎಂದು ಸಾರಿದಾಗ ಚಪ್ಪಾಳೆ ಬಿದ್ದಿತ್ತು. ಅವಳೊಬ್ಬಳು ಮಾತ್ರ ಬೈದಿರಲಿಲ್ಲ, ಚಪ್ಪಾಳೆಯನ್ನೂ ತಟ್ಟಿರಲಿಲ್ಲ. ಉದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದಳು.

ಮೌನೇಶ ಅಂಟಿಸಿಕೊಂಡ ಮೀಸೆ ಕೀಳುತ್ತಿದ್ದಾಗ ಅವಳು ಎದುರಿಗೇ ಬಂದು ನಿಂತಳು.

"ನನ್ನ ಮಗಳು ಹುಲಿಗೆಮ್ಮ ಎಲ್ಲಿ ಅದಾಳ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಇದೇ ವೇಷಕ್ಕೆ ಹೋದ ವಾರ ಪಕ್ಕದ ಊರಲ್ಲಿ ಚಪ್ಪಲಿ ಏಟು ತಿಂದವನು ಅವನು.

"ಯವ್ವಾ, ನಾ ದಲ್ಲಾಳಿ ಅಲ್ಲಬೇ. ಇದು ನಾಟಕ. ನೋಡಿಲ್ಲಿ, ಮೀಸಿನೂ ಸುಳ್ಳು."

"ಗೊತ್ತೈತಪ್ಪ."

"ಪೊಲೀಸರಿಗೆ ಹೇಳಿಯೇನು? ಕಾನೂನು ಐತಿ..."

"ಎಲ್ಲಾ ಹೇಳೇನಿ. ಅಕಿನ್ನ ಒಯ್ದ ದಲ್ಲಾಳಿನ್ನ ಹಿಡಿದು ಜೈಲಿಗೂ ಹಾಕ್ಯಾರ. ಹುಡುಗಿ ಎಲ್ಲಿ ಅಂತ ಮಾತ್ರ ಬಾಯಿ ಬಿಡವಲ್ಲ."

ಅವಳು ಮೌನೇಶನ ಕೈ ಹಿಡಿದುಕೊಂಡು ಮತ್ತೆ ಕಣ್ಣು ಮುಚ್ಚಿದಳು.

"ನಿನ್ನ ದನಿ ಥೇಟ್ ಅವನದ ಐತಿ. ಆ ದನಿಯಾಗ ಒಂದ್ಸಲ, 'ಹುಲಿಗೆಮ್ಮ ಅರಾಮ ಅದಾಳ' ಅಂದುಬಿಡಪ್ಪ."