ಅರ್ಮಿನಿಯ ಹಲ್ಲಿನ ಗೆರೆಗಳು

ಈಗಲೇ ಹೇಳಬೇಕೆ? ಹೇಳಿದರೂ ಎಷ್ಟು ಹೇಳಬೇಕು? ಅಕ್ಕನ ಮಗಳು ಅರ್ಮಿನಿಯ ಪಾದ ಹಿಡಿದು ಕೂತಿದ್ದ ವಿರ್ಯಾನನಿಗೆ ತೋಚಲಿಲ್ಲ. ಅವಳು ಬಿಳಿ, ಹಳದಿ ವಸ್ತ್ರ ಹೊದ್ದು ಮಂಟಪದಲ್ಲಿ ಮಲಗಿದ್ದಳು. ಪೂಜಾರಿ ಹಲ್ಲು ತೇಯುವ ಅರವನ್ನು ತೀರ್ಥದಲ್ಲಿ ಅದ್ದಿ ತೆಗೆದರು. ಮೇಲಿನ ಆರು ಹಲ್ಲು ಉಜ್ಜಿ ಸಮ ಮಾಡಿದರೆ ಕಾಮ, ಕ್ರೋಧ ಮೊದಲಾದ ಒಳಗಿನ ಆರು ವೈರಿಗಳು ಹದಕ್ಕೆ ಬರುತ್ತಾರೆ. ಊರಲ್ಲಿ ಎಲ್ಲರಿಗೂ ಆದದ್ದೇ, ವಿರ್ಯಾನನಿಗೂ ಆಗಿತ್ತು.

“ಸ್ವಾಮಿ, ಸುಮ್ನೆ ಮುಟ್ಟಿಸಿ ಬಿಟ್ರೆ ಸಾಕು. ಈಗೆಲ್ಲಾ ಹಾಗೇ ಮಾಡ್ತಾರಲ್ಲ,” ಎಂದ.

“ಮಾಡೋರು ಮಾಡ್ಲಿ,” ಎಂದರು ರಂಟುನ್, ಹುಡುಗಿಯ ಅಪ್ಪನ ಅಪ್ಪ. “ಅದೇನೋ ಗೆರೆ ಇದೆಯಂತೆ. ಅದು ಹೋಗೋವರೆಗೂ ಉಜ್ಜಿ. ಈ ಮಗು ಬಾಯಿಗೆ ಕೈ ಅಡ್ಡ ಇಟ್ಕೊಳ್ದೆ ನಕ್ಕಿದ್ದನ್ನ ನಾನು ನೋಡೇ ಇಲ್ಲ.”

“ಗೆರೆ ಹೋಗಲ್ಲ ಮಾವ, ಹಲ್ಲೇ ಹೋಗುತ್ತೆ.”

“ಉಗುರು ಕತ್ತರಿಸಿದ್ರೆ ಬರಲ್ವೇನಪ್ಪಾ?”

“ಹಲ್ಲಿನ ಮೇಲಿನ ಹೊದಿಕೆ ಉಗುರಲ್ಲ. ಅದನ್ನ ಕಟ್ಟೋ ಜೀವಕೋಶಗಳು, ಹಲ್ಲು ಹೊರಗೆ ಬರೋ ಹೊತ್ತಿಗೆ ಸತ್ತು ಹೋಗಿರ್ತವೆ. ಮತ್ತೆ ಕಟ್ಟೋರೇ ಇಲ್ಲ.”

“ಮನೆ ಕಟ್ಟಿ ಮೇಸ್ತ್ರಿ ಓಡಿಹೋದ ಅನ್ನು!” ಸುತ್ತ ನಿಂತಿದ್ದ ಹೆಂಗಸರು ನಕ್ಕರು. ಅರ್ಮಿನಿ ನಗಲಿಲ್ಲ.

ವಿರ್ಯಾನ ಹುಡುಗಿಯ ಪಾದವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ದೆನ್‌ಪಸಾರ್‌ನ ಪ್ರಯೋಗಾಲಯದಲ್ಲಿ ಅವನು ನೋಡುತ್ತಿದ್ದುದು ಇದನ್ನೇ. ಹೊದಿಕೆ ಕಟ್ಟುವ ಕೋಶಗಳು ಸಾಲುಗಟ್ಟಿ ದುಡಿಯುತ್ತವೆ. ಅವಕ್ಕೆ ಅಪ್ಪಣೆ ಕೊಡುವ ಜೀನ್ ಹೆಣ್ಣಿನಲ್ಲಿ ಎರಡೆರಡು, ಅಪ್ಪನದೊಂದು, ಅಮ್ಮನದೊಂದು. ಪ್ರತಿ ಕೋಶದಲ್ಲೂ ಒಂದು ಮಾತಾಡಿದರೆ ಇನ್ನೊಂದು ಮೌನ. ಕೆಟ್ಟದ್ದು ಮಾತಾಡಿದ ಸಾಲಿನಲ್ಲಿ ಹೊದಿಕೆ ತೆಳು, ಒಳ್ಳೆಯದು ಮಾತಾಡಿದಲ್ಲಿ ದಪ್ಪ. ಹುಡುಗಿಯ ಹಲ್ಲಿನ ಮೇಲಿದ್ದ ಗೆರೆಗಳು ಅವೇ. ಅವಳ, ಅಕ್ಕನ, ಭಾವನ, ಮೂವರ ರಕ್ತವನ್ನೂ ಅವನು ಪರೀಕ್ಷೆ ಮಾಡಿದ್ದ.

ಪೂಜಾರಿ ದವಡೆಗಳ ನಡುವೆ ಕಬ್ಬಿನ ತುಂಡು ಇಟ್ಟರು. ಬಾಯಿ ತೆರೆದುಕೊಂಡಿತು, ಮುಚ್ಚಿಕೊಳ್ಳಲು ಈಗ ಅವಳಿಗೆ ಕೈಯಿರಲಿಲ್ಲ, ಎರಡನ್ನೂ ಹೆಂಗಸರು ಹಿಡಿದಿದ್ದರು. ಗೆರೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ರಂಟುನ್ ಬಗ್ಗಿದರು. ಬಗ್ಗಿದವರು ಹಾಗೇ ಇದ್ದರು.

“ನಿಲ್ಸಿ ಸ್ವಾಮಿ.”

ಅರ ಹಲ್ಲಿಗೆ ತಾಗುವಷ್ಟರಲ್ಲಿ ನಿಂತಿತು.

“ಇದು ನಮ್ಮವ್ವನ ಹಲ್ಲು,” ಎಂದರು ರಂಟುನ್. “ಬೆಳಿಗ್ಗೆ ಬಾಯಿ ತೊಳ್ಕೊಂಡು, ಎಲೆ ಅಡಿಕೆ ಹಾಕೋಕೆ ಮುಂಚೆ ಕಾಣೋದು. ಥೇಟ್ ಹೀಗೇ. ಇವಳು ಹುಟ್ಟಿದಾಗ ಮೈಮೇಲೆ ದೇವರು ಬರೋರ ಹತ್ರ ಕೇಳ್ಸಿದ್ವಿ, ಮನೆಯವ್ರೇ ಯಾರೋ ವಾಪಸ್ ಹುಟ್ಟಿ ಬಂದಿದಾರೆ ಅಂದ್ರು. ಯಾರು ಅಂತ ಹೇಳ್ಲಿಲ್ಲ.” ಅವರ ದನಿ ಗದರಿಕೆಗೆ ತಿರುಗಿತು. “ಹೆತ್ತವಳ ಹಲ್ಲಿಗೆ ಯಾರಾದ್ರೂ ಅರ ಹಾಕಿಸ್ತಾರೇನ್ರೀ? ಶಾಸ್ತ್ರಕ್ಕೆ ಮುಟ್ಸಿ, ಸಾಕು.”

ಪೂಜಾರಿ ಆರು ಹಲ್ಲಿಗೂ ಅರ ಮುಟ್ಟಿಸಿದರು. ಅರ್ಮಿನಿ ಎದ್ದು ಕೂತು ಬಾಯಿ ಮುಕ್ಕಳಿಸಿ ಹಳದಿ ಎಳನೀರಿನ ಬುರುಡೆಗೆ ಉಗುಳಿದಳು.

“ಅಜ್ಜ, ನಿಮ್ಮವ್ವನೂ ಬಾಯಿ ಮುಚ್ಕೊಂಡು ನಗ್ತಿದ್ರಾ?”

“ಅವಳಾ? ಅವಳು ನಕ್ರೆ ಗದ್ದೆ ಆಚೆಗಿದ್ದ ಬಾತುಕೋಳಿ ಎಲ್ಲಾ ಏಳ್ತಿದ್ವು!”

ಹುಡುಗಿಯ ಕೈ ಬಾಯಿಯ ಕಡೆಗೆ ಅರ್ಧ ಬಂದು, ಮಡಿಲಿಗೆ ಇಳಿಯಿತು. ಗೆರೆಗಳು ಎಲ್ಲರಿಗೂ ಕಂಡವು.

“ಏನ್ ಹಲ್ಲಿನ ಡಾಕ್ಟ್ರೇ, ನಿಮ್ಮ ರಕ್ತಪರೀಕ್ಷೆನೂ ಇದೇ ಹೇಳಿರ್ಬೇಕಲ್ವಾ?” ರಂಟುನ್ ಕಣ್ಣೊರೆಸಿಕೊಂಡರು.

ವಿರ್ಯಾನ ಬುರುಡೆ ಎತ್ತಿಕೊಂಡ. ಹಲ್ಲಿನ ಪುಡಿಯನ್ನು ಹಿರಿಯರ ಗುಡಿಯ ಹಿಂದೆ ಹೂಳಬೇಕು. ಅದರಲ್ಲಿ ನೀರು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

“ಇದನ್ನ ಹೂತು ಬರ್ತೀನಿ ಮಾವ,” ಎಂದ.

ಆ ದೋಷ ಅಪ್ಪನಲ್ಲೂ ಇರಲಿಲ್ಲ, ಅಮ್ಮನಲ್ಲೂ ಇರಲಿಲ್ಲ, ಅರ್ಮಿನಿಯಲ್ಲೇ ಹೊಸದಾಗಿ ಹುಟ್ಟಿದ್ದು, ಯಾರಿಂದಲೂ ಬಂದದ್ದಲ್ಲ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.