ಉಳಿದ ಒಂದು ದೀಪ

ಮನೆಯವರ ಗೋರಿಗಳಿಗೆಲ್ಲ ದೀಪ ಹಚ್ಚಿಯಾದ ಮೇಲೂ ಅತ್ತೆ ಗ್ರಾಜೀನಾಳ ಚೀಲದಲ್ಲಿ ಒಂದು ಕೆಂಪು ಗಾಜಿನ ದೀಪ ಉಳಿದಿತ್ತು.

"ಅಮ್ಮ, ಯಾರನ್ನೋ ಮರೆತ್ರಿ," ಎಂದಳು ಸೊಸೆ ಫಿಲಿಪಾ, ಪೋಲಿಷ್ ಪದಗಳನ್ನು ತಡವರಿಸಿ ಪೋಣಿಸುತ್ತ.

"ನಾನು ಮರೆಯೋದಾ? ಸುಮ್ನೆ ಬಾರೇ."

ಸಕಲ ಸಂತರ ಹಬ್ಬದ ಸಂಜೆ, ಸ್ಮಶಾನವಿಡೀ ಬೆಳಗುತ್ತಿತ್ತು. ಅತ್ತೆ ಅವಳನ್ನು ನಡುವಿನ ದೊಡ್ಡ ಶಿಲುಬೆಯ ಬುಡಕ್ಕೆ ಕರೆದೊಯ್ದಳು. ದೂರದೂರುಗಳಲ್ಲಿ ಮಣ್ಣಾದವರಿಗೆ ದೀಪವಿಡುವುದು ಅಲ್ಲೇ.

"ಪೋರ್ಚುಗಲ್ ದೂರ ಆಯ್ತಲ್ಲ. ನಿಮ್ಮಮ್ಮಂಗೆ ಇಲ್ಲೇ ಹಚ್ಚು."

ಫಿಲಿಪಾ ಕಡ್ಡಿ ಗೀರಿದಳು. ಅತ್ತೆ ಗಾಳಿಗೆ ಅಂಗೈ ಅಡ್ಡ ಹಿಡಿದಳು. ಬತ್ತಿ ಹತ್ತಿಕೊಂಡಿತು. ಕಷ್ಟಪಟ್ಟು ಕಲಿತಿದ್ದ ಪೋಲಿಷ್ ಪ್ರಾರ್ಥನೆಯನ್ನು ಫಿಲಿಪಾ ಶುರುಮಾಡಿದಳು. ಅತ್ತೆ ತಡೆದಳು. "ನನ್ನ ಮನೇಲಿ ಪೋಲಿಷೇ ಆಡ್ಬೇಕು" ಎಂದು ಮದುವೆಯಾದಾಗಿನಿಂದ ಗದರುತ್ತಾ ಬಂದವಳು ಇದೇ ಅತ್ತೆ.

"ನಿನ್ನ ಭಾಷೇಲಿ ಮಾತಾಡೇ ಹುಚ್ಚಿ. ನಿಮ್ಮಮ್ಮಂಗೆ ಪೋಲಿಷ್ ಎಲ್ಲಿ ಬರುತ್ತೆ?"

ಫಿಲಿಪಾ ತನ್ನ ಭಾಷೆಯಲ್ಲಿ ಅಮ್ಮನಿಗೆ ಮೊದಲು ಪರಿಚಯಿಸಿದ್ದು ಪಕ್ಕದಲ್ಲಿ ನಿಂತವಳನ್ನು. ಅರ್ಥವಾಗದ ಮಾತುಗಳ ನಡುವೆ ತನ್ನ ಹೆಸರು ಕೇಳಿದ್ದೇ ಗ್ರಾಜೀನಾ ತಲೆವಸ್ತ್ರ ಸರಿಮಾಡಿಕೊಂಡು, ಬೀಗಿತ್ತಿಯ ಎದುರು ನಿಲ್ಲುವಂತೆ ನೆಟ್ಟಗೆ ನಿಂತಳು.